ಸ್ಪ್ರಿಂಗ್‌ಗೆ ಕಟ್ಟಿದ ಮೆಣಸಿನ ಡಬ್ಬಿ: ವೇಗೋತ್ಕರ್ಷದ ಲೆಕ್ಕ ಎಲ್ಲಿಗೆ ಬಂತು

ಮಡಿಕೇರಿಯ ಮನೆಯೊಂದರ ಅಟ್ಟದ ತೊಲೆಗೆ ಸ್ಪ್ರಿಂಗ್ ಇಳಿಬಿಟ್ಟು ಕರಿಮೆಣಸಿನ ಡಬ್ಬಿ ತೂಗುಹಾಕಿದ್ದಾಗಿದೆ. ಅದು ಮೇಲೆ ಕೆಳಗೆ ತೂಗುವಾಗಿನ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಲೆಕ್ಕ ಹಾಕುವುದೇ ಉದ್ದೇಶ. ಡಬ್ಬಿ ಸೇರಿ 400 ಗ್ರಾಂ, ಸ್ಪ್ರಿಂಗ್ 30 ಗ್ರಾಂ. ಮೆಣಸನ್ನು ಬಾಯಿಮಟ್ಟ ತುಂಬಬೇಕು. ಅರೆಬರೆ ತುಂಬಿದರೆ ಕಾಳು ಒಳಗೆ ಉರುಳಾಡಿ ತೂಗಾಟ ಬೇಗ ನಿಲ್ಲುತ್ತದೆ. ಮಳೆಗಾಲದಲ್ಲಿ ಕಾಳು ತೇವ ಎಳೆಯುತ್ತದೆ, ಹಾಗಾಗಿ ಪ್ರತಿ ಸಲವೂ ತೂಕ ನೋಡಿಯೇ ಶುರು.

ಮೊದಲು ಸ್ಪ್ರಿಂಗ್‌ನ ಬಿಗಿ ಅಳೆದದ್ದು. ಮೊದಲ 100 ಗ್ರಾಂಗೆ 4.1 ಸೆಂ.ಮೀ. ಮಾತ್ರ ಇಳಿಯಿತು, ಸುರುಳಿಗಳು ಒಂದಕ್ಕೊಂದು ಒತ್ತಿ ಕೂತಿದ್ದವು. ಆಮೇಲಿನ ಪ್ರತಿ 100 ಗ್ರಾಂಗೆ 4.9 ಸೆಂ.ಮೀ. ಲೆಕ್ಕಕ್ಕೆ ಇದೇ ಬೇಕಾದದ್ದು. ಇಲ್ಲಿನ ಗುರುತ್ವ 9.78 ಮೀ/ಸೆ² ಎಂದು ಹಿಡಿದರೆ ಬಿಗಿ ಮೀಟರ್‌ಗೆ 20 ನ್ಯೂಟನ್.

ಡಬ್ಬಿಯನ್ನು 5 ಸೆಂ.ಮೀ. ಕೆಳಗೆಳೆದು ಬಿಟ್ಟಾಗ 20 ತೂಗಾಟಕ್ಕೆ 18.0 ಸೆಕೆಂಡ್. ಅಂದರೆ ಅವಧಿ 0.90 ಸೆಕೆಂಡ್, ಕೋನೀಯ ಆವೃತ್ತಿ (2π ಅನ್ನು ಅವಧಿಯಿಂದ ಭಾಗಿಸಿದ್ದು) 6.98, ಅದರ ವರ್ಗ 48.7. ಇದನ್ನು 0.05 ಮೀಟರ್‌ನಿಂದ ಗುಣಿಸಿದರೆ ತೂಗಾಟದ ತುದಿಯಲ್ಲಿ ವೇಗೋತ್ಕರ್ಷ 2.44 ಮೀ/ಸೆ². ಅದೇ ವರ್ಗವನ್ನು ಇನ್ನೊಂದು ದಾರಿಯಲ್ಲಿ, ಬಿಗಿಯನ್ನು 0.4 ಕೆ.ಜಿ.ಯಿಂದ ಭಾಗಿಸಿ ಪಡೆದರೆ 48.7ರ ಬದಲು 50 ಬರುತ್ತದೆ. ಸ್ಪ್ರಿಂಗ್‌ನ ತೂಕದ ಮೂರನೇ ಒಂದು ಪಾಲು, 10 ಗ್ರಾಂ, ಸೇರಿಸಿದರೆ 48.8. ಎರಡು ಬೇರೆ ಬೇರೆ ದಾರಿಯ ಲೆಕ್ಕ ಇಷ್ಟು ಹತ್ತಿರ ಕೂಡಿದ್ದು ನಿಜಕ್ಕೂ ಖುಷಿ ಕೊಡುತ್ತದೆ.

ಎಣಿಕೆಯಲ್ಲೇ ಹೆಚ್ಚು ಎಡವಟ್ಟು. ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದರೆ 20 ಎನ್ನುವಷ್ಟರಲ್ಲಿ ಆಗಿರುವುದು 19 ತೂಗಾಟ, 17.1 ಸೆಕೆಂಡ್. ಅವಧಿ 0.855 ಆಗಿ ವೇಗೋತ್ಕರ್ಷ 2.70ಕ್ಕೆ ಏರುತ್ತದೆ. ಅವಧಿಯ ವರ್ಗ ಲೆಕ್ಕದಲ್ಲಿರುವುದರಿಂದ ಶೇ. 5ರ ತಪ್ಪು ಶೇ. 11 ಆಗುತ್ತದೆ. ಡಬ್ಬಿ ನಡುಗುರುತು (ತೂಗಾಟವಿಲ್ಲದೆ ಅದು ನಿಲ್ಲುವ ಜಾಗ) ದಾಟುವಾಗ ಒತ್ತಿ, ತುದಿಯಲ್ಲಲ್ಲ. ತುದಿಯಲ್ಲಿ ಅದು ನಿಧಾನವಾಗಿರುವುದರಿಂದ ತಿರುಗಿದ ಕ್ಷಣ ಗೊತ್ತಾಗುವುದಿಲ್ಲ.

ಸ್ಥಾನಪಲ್ಲಟವನ್ನು (ಡಬ್ಬಿ ಸರಿದ ದೂರ) ಡಬ್ಬಿ ತೂಗಿಸಿದ ಮೇಲೆ ಅದು ನಿಂತ ಜಾಗದಿಂದ ಅಳೆಯಬೇಕು, ಖಾಲಿ ಸ್ಪ್ರಿಂಗ್‌ನ ತುದಿಯಿಂದಲ್ಲ. ಬಿಟ್ಟ 0.3 ಸೆಕೆಂಡ್‌ಗೆ ಕೋನ (ಕೋನೀಯ ಆವೃತ್ತಿಯನ್ನು ಸಮಯದಿಂದ ಗುಣಿಸಿದ್ದು) 2.094 ರೇಡಿಯನ್, ಕೊಸೈನ್ −0.5. 5 ಸೆಂ.ಮೀ.ಯನ್ನು ಇದರಿಂದ ಗುಣಿಸಿದ್ದೇ ಸ್ಥಾನಪಲ್ಲಟ. ಡಬ್ಬಿ ನಡುಗುರುತಿನಿಂದ 2.5 ಸೆಂ.ಮೀ. ಮೇಲಿದೆ, ವೇಗೋತ್ಕರ್ಷ 1.22, ಕೆಳಮುಖವಾಗಿ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಕೊಸೈನ್ 0.999 ಬಂದು, ಡಬ್ಬಿ ಇನ್ನೂ ಬಿಟ್ಟಲ್ಲೇ ಇದೆ ಎಂದು ತೋರಿಸುತ್ತದೆ.

ಮುಂದಿನ ಹಂತ, ವೇಗೋತ್ಕರ್ಷವನ್ನು ನೇರವಾಗಿ ಅಳೆಯಲು ಫೋನ್ ಕಟ್ಟುವುದು. ಫೋನ್ 190 ಗ್ರಾಂ, ಉಳಿದದ್ದು ಡಬ್ಬಿ ಸೇರಿ 210 ಗ್ರಾಂ ಇರುವಂತೆ ಮೆಣಸನ್ನು ಚಿಕ್ಕ ಡಬ್ಬಿಗೆ ಹಾಕಬೇಕು. ಫೋನಿನ ವೇಗೋತ್ಕರ್ಷ ಸೆನ್ಸರ್ ಸುಮ್ಮನಿದ್ದಾಗಲೂ ಗುರುತ್ವದಿಂದಾಗಿ 9.78 ತೋರಿಸುತ್ತದೆ, 5 ಸೆಂ.ಮೀ. ತೂಗಾಟದಲ್ಲಿ ಕೆಳತುದಿಗೆ 12.22, ಮೇಲ್ತುದಿಗೆ 7.34 ಬರಬೇಕು.