ಬಾಯಿಮಟ್ಟ ತುಂಬದ ಡಬ್ಬಿ

ದಕ್ಷಿಣ ತೈವಾನಿನ ಕಾವೋಶುಂಗ್ ನಗರಾಡಳಿತಕ್ಕೆ ಸೇರಿದ ಯಾನ್‌ಚಾವ್ ಸುತ್ತಮುತ್ತ ಎಲ್ಲಿ ನೋಡಿದರೂ ಪೇರಲ ತೋಟಗಳು. ಆ ತೋಟಗಳ ನಡುವಿನ ದಾರಿ ಮುಗಿಯುವಲ್ಲಿ ವೂಶಾನ್‌ದಿಂಗ್ ಎಂಬ ಕೆಸರಿನ ಜ್ವಾಲಾಮುಖಿ ಇದೆ. 1992ರಿಂದ ಅದು ಸಂರಕ್ಷಿತ ತಾಣ. ಬಾಗಿಲಲ್ಲಿ ಹೆಸರು ಬರೆಸದೆ ಒಳಗೆ ಬಿಡುವುದಿಲ್ಲ, ಮಣ್ಣು ತೆಗೆಯಲು ಬೇರೆಯೇ ಅನುಮತಿ ಬೇಕು. ಜ್ವಾಲಾಮುಖಿ ಎಂಬ ಹೆಸರು ಕೇಳಿ ಬೆಂಕಿ, ಹೊಗೆಯನ್ನು ನಿರೀಕ್ಷಿಸಿದ್ದ ನನಗೆ ಮೊದಲು ಕಂಡದ್ದು ಸುಮಾರು ಎರಡಾಳೆತ್ತರದ ಬೂದು ಬಣ್ಣದ ದಿಬ್ಬ, ಅದರ ನೆತ್ತಿಯಲ್ಲಿ ತಣ್ಣನೆಯ ರಾಡಿ. ರಾಯಚೂರಿನ ನಮ್ಮ ಮನೆಯಲ್ಲಿ ಜೋಳದ ನುಚ್ಚು ಬೇಯುವಾಗ ಗುಳ್ಳೆ ನಿಧಾನವಾಗಿ ಉಬ್ಬಿ, ಲೊಟ್ಟೆಂದು ಒಡೆದು, ಪಾತ್ರೆಯ ಅಂಚಿಗೆ ಸಿಡಿಯುವುದು ನೆನಪಾಯಿತು. ಕೆಳಗೆ ಒಲೆಯಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಗುಳ್ಳೆ ಏಳಿಸುತ್ತಿದ್ದುದು ಮೀಥೇನ್ ಅನಿಲ. ಫಿಲಿಪ್ಪೀನ್ ಸಮುದ್ರ ಫಲಕ ಮತ್ತು ಯುರೇಷಿಯಾ ಭೂಫಲಕಗಳ ನಡುವೆ ಸಿಕ್ಕು ಹಿಂಡಿಸಿಕೊಳ್ಳುತ್ತಿರುವ ಈ ದ್ವೀಪದಲ್ಲಿ, ಹಿಂದೊಮ್ಮೆ ಕಡಲ ತಳದಲ್ಲಿ ಕೂತಿದ್ದ ಜೇಡಿಶಿಲೆಯೊಳಗಿನ ಉಪ್ಪುನೀರು ಮತ್ತು ಅನಿಲ ಚಿಶಾನ್ ಸ್ತರಭಂಗದ ಬಿರುಕುಗಳನ್ನು ಹಿಡಿದು, ಮಣ್ಣನ್ನೂ ಕಲೆಸಿಕೊಂಡು ಮೇಲೆ ಬರುತ್ತವೆ. ಅದರ ಜೊತೆಗೆ ಬರುವ ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷದ ಮೂಲಧಾತು, ನಮ್ಮ ಕೆಲಸದ ವಿಷಯವಾಗಿತ್ತು. ಹಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನೋಪೈರೈಟ್ ಎಂಬ ಆರ್ಸೆನಿಕ್ ಖನಿಜ ಇರುವುದನ್ನು ಓದಿ ಬೆಳೆದ ನನಗೆ ಆರ್ಸೆನಿಕ್ ಎಂದರೆ ಗಟ್ಟಿ ಕಲ್ಲಿನ ಸಂಗತಿ. ಬೆರಳಿಗೆ ಬೆಣ್ಣೆಯಂತೆ ಹತ್ತುವ ಮಣ್ಣಿನಲ್ಲಿ ಅದನ್ನು ಹುಡುಕುವುದು ಹೊಸದು.

ತೈವಾನಿನಲ್ಲಿ ಈ ವಿಷಯ ಬರೀ ಪಾಠವಲ್ಲ. ನೈಋತ್ಯ ಕರಾವಳಿಯ ಬೇಮೆನ್, ಶುವೇಜ್ಯಾ, ಬೂದಾಯ್ ಮೊದಲಾದ ಊರುಗಳ ಜನ ಆಳದ ಕೊಳವೆಬಾವಿಗಳ ನೀರು ಕುಡಿದು, ಕಾಲು ಕಪ್ಪಗಾಗಿ ಕೊಳೆಯುವ 'ಕಪ್ಪುಪಾದ' ರೋಗಕ್ಕೆ ತುತ್ತಾದರು. ಅಲ್ಲಿ 40,421 ಜನರನ್ನು ಪರೀಕ್ಷಿಸಿ 1968ರಲ್ಲಿ ಪ್ರಕಟವಾದ ಸಮೀಕ್ಷೆ, ಆರ್ಸೆನಿಕ್ಕಿಗೂ ಚರ್ಮದ ಕ್ಯಾನ್ಸರಿಗೂ ಇರುವ ನಂಟನ್ನು ಜಗತ್ತಿನ ಮುಂದಿಟ್ಟಿತು. ವೂಶಾನ್‌ದಿಂಗ್‌ನ ಕೆಸರೇ ಆ ಬಾವಿಗಳಿಗೆ ವಿಷ ಇಳಿಸಿತು ಎಂದು ಹೇಳುವುದು ದುಡುಕು. ಆದರೆ ಮಣ್ಣಿಗೆ ಅಂಟಿಕೊಂಡ ಆರ್ಸೆನಿಕ್ ನೀರಿಗೆ ಹೇಗೆ ಬಿಡುಗಡೆಯಾಗುತ್ತದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಆ ದಿನ ಮಧ್ಯಾಹ್ನದ ಹೊತ್ತಿಗೆ ನೀರಿನ ಮಾದರಿಗಳು ಮುಗಿದಿದ್ದವು. ಸಿರಿಂಜಿನ ಫಿಲ್ಟರು ಎರಡು ಮೂರು ಒತ್ತಿಗೇ ಕಟ್ಟಿಕೊಳ್ಳುತ್ತಿದ್ದುದರಿಂದ ಹೆಬ್ಬೆರಳು ನೋಯುತ್ತಿತ್ತು. ಕೊನೆಗೆ ಉಳಿದದ್ದು ಮಣ್ಣು. ಡಬ್ಬಿಗೆ ಬಾಯಿಮಟ್ಟ ತುಂಬಬೇಕು, ಗಾಳಿಗೆ ಎಳ್ಳಷ್ಟೂ ಜಾಗವಿರಬಾರದು, ಕೂಡಲೇ ನೈಟ್ರೋಜನ್ ತುಂಬಿದ ಚೀಲದಲ್ಲಿ ಕಟ್ಟಿ ಐಸಿಗೆ ಇಡಬೇಕು ಎಂದು ಗುರುಗಳು ಹೇಳಿದ್ದರು. ನಾಲ್ಕು ಡಬ್ಬಿಗಳನ್ನು ಹಾಗೆಯೇ ಮಾಡಿದೆ. ಐದನೆಯದರಲ್ಲಿ ಮುಕ್ಕಾಲು ತುಂಬಿದ ಮೇಲೆ ಬಿಸಿಲಿಗೆ ಬೇಸತ್ತು ಮುಚ್ಚಳ ತಿರುಗಿಸಿ, ಚೀಲಕ್ಕೂ ಹಾಕದೆ ಇಟ್ಟುಬಿಟ್ಟೆ.

ಮರುದಿನ ಲ್ಯಾಬಿನಲ್ಲಿ ಆ ಡಬ್ಬಿಯನ್ನು ಬೆಳಕಿಗೆ ಹಿಡಿದಾಗ, ಗಾಳಿ ತಾಗಿದ ಮೇಲ್ಮೈಯಲ್ಲಿ ಬೆಲ್ಲದ ಪಾಕದ ಬಣ್ಣದ ತೆಳುವಾದ ಪದರ ಕಟ್ಟಿತ್ತು. ಕೆಳಗೆ ಮಣ್ಣು ಮೊದಲಿನಂತೆ ಕಪ್ಪುಬೂದು. ಕಬ್ಬಿಣದ ಸಲ್ಫೈಡ್ ಒಂದೇ ರಾತ್ರಿಯಲ್ಲಿ ತುಕ್ಕಾಗಿತ್ತು. ನಾವು ಮಾಡಹೊರಟದ್ದು ಆರ್ಸೆನಿಕ್ ಯಾವುದಕ್ಕೆ ಎಷ್ಟು ಅಂಟಿದೆ ಎಂದು ಒಂದಾದ ಮೇಲೊಂದು ದ್ರಾವಣದಿಂದ ಬಿಡಿಸುತ್ತ ನೋಡುವ ಪರೀಕ್ಷೆ: ಮೊದಲು ಮೇಲೆ ಹತ್ತಿದ್ದು, ಆಮೇಲೆ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡಿಗೆ ಸೇರಿದ್ದು, ಆಮೇಲೆ ಸಾವಯವ ವಸ್ತು ಹಾಗೂ ಸಲ್ಫೈಡಿನೊಳಗಿನದು. ನಾಲ್ಕು ಡಬ್ಬಿಗಳಲ್ಲಿ ದೊಡ್ಡ ಪಾಲು ಸಿಕ್ಕಿದ್ದು ಈ ಕೊನೆಯ ಹಂತದಲ್ಲಿ. ಐದನೆಯದರಲ್ಲಿ ಪಾಲು ಆಕ್ಸೈಡಿನ ಕಡೆಗೆ ವಾಲಿತ್ತು. ಮಣ್ಣು ಅದೇ, ಆರ್ಸೆನಿಕ್ಕೂ ಅಷ್ಟೇ. ಅದು ಹಿಡಿದುಕೊಂಡಿದ್ದ ಕೈ ಮಾತ್ರ ಬದಲಾಗಿತ್ತು. ಗುರುಗಳು ಬೈಯಲಿಲ್ಲ, ಡಬ್ಬಿಯನ್ನು ಎಸೆಯಲೂ ಬಿಡಲಿಲ್ಲ.

ಈ ಕೆಸರು ಮೇಲೇಳುವ ಆಳದಲ್ಲಿ ಗಾಳಿಯಿಲ್ಲ ನಿಜ, ಆದರೆ ಅಲ್ಲಿನ ರಸಾಯನಶಾಸ್ತ್ರವನ್ನು ನಡೆಸುವವು ಬಹುಪಾಲು ಬ್ಯಾಕ್ಟೀರಿಯಾಗಳು. ಕೆಲವು ಕಬ್ಬಿಣದ ಆಕ್ಸೈಡನ್ನು ಕರಗಿಸಿ ಅದಕ್ಕಂಟಿದ ಆರ್ಸೆನಿಕ್ಕನ್ನು ಸಡಿಲಿಸುತ್ತವೆ. ಕೆಲವು ಸಲ್ಫೇಟನ್ನು ಸಲ್ಫೈಡ್ ಮಾಡಿ, ಪೈರೈಟ್ ಎಂಬ ಕಬ್ಬಿಣದ ಸಲ್ಫೈಡ್ ಖನಿಜದೊಳಗೆ ಅದನ್ನು ಮತ್ತೆ ಸೆರೆ ಹಾಕಲು ದಾರಿ ಮಾಡುತ್ತವೆ. ಇನ್ನು ಕೆಲವು ನಾವು ಆಮ್ಲಜನಕವನ್ನು ಉಸಿರಾಡುವಂತೆ ಆರ್ಸೆನಿಕ್ಕಿನ ಒಂದು ರೂಪವಾದ ಆರ್ಸೆನೇಟನ್ನೇ ಉಸಿರಾಡಿ, ಅದರ ಇನ್ನೊಂದು ರೂಪವಾದ ಆರ್ಸೆನೈಟ್ ಆಗಿ ಬಿಡುತ್ತವೆ. ಆರ್ಸೆನೈಟ್ ಹೆಚ್ಚು ವಿಷಕಾರಿ, ಮೇಲಾಗಿ ತಟಸ್ಥ ನೀರಿನಲ್ಲಿ ಅದಕ್ಕೆ ವಿದ್ಯುದಾವೇಶವಿಲ್ಲದ್ದರಿಂದ ಅನೇಕ ಖನಿಜಗಳಿಗೆ ಸುಲಭವಾಗಿ ಅಂಟುವುದಿಲ್ಲ, ನೀರಿನೊಂದಿಗೇ ಸಾಗುತ್ತದೆ. ಕೊಳೆತ ಸಸ್ಯಗಳಿಂದಾಗಿ ಮಣ್ಣಿನಲ್ಲಿರುವ ಹ್ಯೂಮಿಕ್ ಆಮ್ಲ ಈ ಗದ್ದಲದಲ್ಲಿ ಒಮ್ಮೆ ಆರ್ಸೆನಿಕ್ಕನ್ನು ಹಿಡಿದು, ಒಮ್ಮೆ ಅದರ ಜಾಗವನ್ನೇ ಕಿತ್ತುಕೊಂಡು ಹೊರದೂಡುತ್ತದೆ.

ಈ ಉಸಿರಾಟವನ್ನು ಕಣ್ಣಾರೆ ನೋಡಬೇಕೆಂದು, ಗಾಳಿ ತಾಗದ ಮಣ್ಣನ್ನು ಚಿಟಿಕೆಯಷ್ಟು ತೆಗೆದು, ಉಪ್ಪು ಕಡಿಮೆಯಿರುವ ಮಾಧ್ಯಮದಲ್ಲಿ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಲ್ಯಾಕ್ಟೇಟ್, ಉಸಿರಾಡಲು ಆರ್ಸೆನೇಟ್ ಕೊಟ್ಟು, ರಬ್ಬರ್ ಬಿರಡೆಯ ಬಾಟಲಿಗಳಲ್ಲಿ ಕತ್ತಲಲ್ಲಿ ಇಟ್ಟೆವು. ಒಂದು ಬಾಟಲಿಯ ಮಣ್ಣನ್ನು ಮೊದಲೇ ಆಟೋಕ್ಲೇವಿನಲ್ಲಿ ಬೇಯಿಸಿ ಕೊಂದಿದ್ದೆವು. ಎರಡು ವಾರದ ಬಳಿಕ ಒಂದೊಂದರಿಂದಲೂ ತುಸು ಹೊರತೆಗೆದು ಸಿಲ್ವರ್ ನೈಟ್ರೇಟ್ ಹನಿಸಿದೆ. ಸತ್ತ ಮಣ್ಣಿನದು ಕಂದು ಬಣ್ಣಕ್ಕೆ ತಿರುಗಿತು, ಅಂದರೆ ಆರ್ಸೆನೇಟ್ ಹಾಗೆಯೇ ಇತ್ತು. ಜೀವಂತವಾಗಿದ್ದ ಮೂರರಲ್ಲಿ ಎರಡು ಅರಿಶಿನದ ಹಳದಿಯಾದವು, ಅಂದರೆ ಅಲ್ಲಿ ಆರ್ಸೆನೈಟ್ ಹುಟ್ಟಿತ್ತು. ಮೂರನೆಯದು ಸಲ್ಫೈಡಿನಿಂದಾಗಿ ಕಾಡಿಗೆಯಂತೆ ಕಪ್ಪಾಗಿ ಯಾವ ಉತ್ತರವನ್ನೂ ಕೊಡಲಿಲ್ಲ. ಅದನ್ನು ತೊಳೆದು, ಈ ಸಲವೂ ಬಾಯಿಮಟ್ಟ ತುಂಬಿದ ಡಬ್ಬಿಯ ಮಣ್ಣನ್ನೇ ತೆಗೆದು ಮತ್ತೆ ಶುರುಮಾಡಿದೆ.