ಮೂರು ಪುಟ ಹೆಚ್ಚು

ಕಾಲೇಜಿನಲ್ಲಿ ನಾವು ನಾಲ್ವರು ಸೇರಿ ಹೊರಡಿಸಿದ ಸಾಹಿತ್ಯ ಪತ್ರಿಕೆಯ ಮೊದಲ ಸಂಚಿಕೆ 64 ಪುಟದ್ದಾಗಬೇಕಿತ್ತು, 67 ಆಯಿತು. ಮುದ್ರಣಾಲಯದಲ್ಲಿ ಪುಟ ಕಟ್ಟುವ ಆಪರೇಟರ್ ಇದನ್ನು ಫೋನಿನಲ್ಲಿ ತಿಳಿಸಿದಾಗ ಮೂರೇ ಪುಟ ತಾನೆ ಎಂದು ಹಗುರವಾಗಿ ತೆಗೆದುಕೊಂಡೆವು. ಹುಬ್ಬಳ್ಳಿಯಿಂದ ಬೆಳಗಿನ ರೈಲು ಹಿಡಿದು, ಗದಗಿನ ಆ ಮುದ್ರಣಾಲಯದ ಬೆಂಚಿನ ಮೇಲೆ ನಾಲ್ವರೂ ಕುಳಿತ ಮೇಲೆ ಲೆಕ್ಕ ಅರ್ಥವಾಯಿತು. ಡೆಮಿ ಆಕಾರದ ಪುಸ್ತಕ ಹದಿನಾರು ಪುಟಗಳ ಫಾರ್ಮುಗಳಲ್ಲಿ, ಎಂದರೆ ಒಂದೇ ದೊಡ್ಡ ಹಾಳೆಯ ಮೇಲೆ ಒಟ್ಟಿಗೆ ಮೂಡುವ ಪುಟಗಳ ಕಂತೆಗಳಲ್ಲಿ, ಅಚ್ಚಾಗುತ್ತದೆ. ನಾಲ್ಕು ಫಾರ್ಮಿಗೆ 64. ಅದರ ಮೇಲೆ ಒಂದು ಪುಟ ಬೇಕೆಂದರೂ ಅರ್ಧ ಫಾರ್ಮಿನ ಕಾಗದ, ಅಚ್ಚಿನ ಪ್ಲೇಟು, ಕೂಲಿ ತೆರಬೇಕು. ನಮ್ಮ ಹತ್ತಿರ ಇದ್ದದ್ದು ತರಗತಿಗಳಲ್ಲಿ ಎತ್ತಿದ ಮುಂಗಡ ಚಂದಾ, ಒಂದು ಖಾನಾವಳಿಯ ಜಾಹೀರಾತು, ಒಂದು ಝೆರಾಕ್ಸ್ ಅಂಗಡಿಯ ಜಾಹೀರಾತು, ಅಷ್ಟೇ.

ಕಾಲೇಜಿನ ವಾರ್ಷಿಕ ಸಂಚಿಕೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆಡಳಿತ ಮಂಡಳಿಯ ಭಾವಚಿತ್ರಗಳು, ಕ್ರೀಡಾ ವರದಿ, ಶಿಬಿರದ ವರದಿ ಎಲ್ಲ ಮುಗಿದು ಜಾಗ ಉಳಿದರೆ ಅದರಲ್ಲಿ ಕವಿತೆಯೂ ಬರುತ್ತಿತ್ತು.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿರುವ ಪುರಾಣ, ನಾಟಕದ ಪುಸ್ತಕಗಳಲ್ಲಿ ಎಷ್ಟೋ ಇಲ್ಲಿ ಅಚ್ಚಾದವು. ಹೀಗಾಗಿ ನಮ್ಮ ಸಾಹಿತ್ಯ ಕಂಡು ಆಪರೇಟರ್ ಹುಬ್ಬೇರಿಸಲಿಲ್ಲ. ಅವರ ತಕರಾರು ಬೇರೆಯೇ ಇತ್ತು. ನಮ್ಮ ಲೇಖಕರೆಲ್ಲ ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದವರು, ಆಪರೇಟರ್ ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಫಾಂಟಿನಲ್ಲಿ. ಎರಡರ ಅಕ್ಷರ ಸಂಕೇತಗಳು ಬೇರೆ, ಒಂದರಿಂದ ಇನ್ನೊಂದಕ್ಕೆ ಪರಿವರ್ತನೆ ಮಾಡುವಾಗ ಅಲ್ಲಲ್ಲಿ ಒತ್ತಕ್ಷರ ಕಳಚಿಕೊಂಡಿದ್ದವು. ಆ ಫಾಂಟಿನಲ್ಲಿ ಇಂಗ್ಲಿಷ್ ಲಿಪಿಯ ಮಾತು ಸಿಕ್ಕಿಕೊಂಡರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮೂಡುತ್ತದೆ. ಒಂದು ಕವಿತೆಯಲ್ಲಿ ಹಾಗೆ ಮೂಡಿದ ಸಾಲೊಂದನ್ನು ನಮ್ಮ ಗೆಳತಿ ನಾಲ್ಕು ಸಲ ಓದಿ, ಪ್ರಯೋಗ ದಿಟ್ಟವಾಗಿದೆ ಎಂದು ತಲೆದೂಗಿದಳು. ಕರಡು ತಿದ್ದುವ ಕೆಲಸಕ್ಕೇ ಮಧ್ಯಾಹ್ನವಾಯಿತು.

ಊಟದ ಹೊತ್ತಿಗೆ ಮತ್ತೆ ಆ ಮೂರು ಪುಟಗಳ ಪ್ರಶ್ನೆ ಎದ್ದಿತು. ಅಕ್ಷರ ಒಂದು ಪಾಯಿಂಟ್ ಚಿಕ್ಕದು ಮಾಡಿ, ಸಾಲುಗಳನ್ನು ಹತ್ತಿರ ತಂದು ನೋಡೋಣ ಎಂದು ಆಪರೇಟರ್ ಒಂದು ಪುಟದ ಮೇಲೆ ಪರೀಕ್ಷಿಸಿದರು. ಕನ್ನಡದಲ್ಲಿ ಅಕ್ಷರದ ಕೆಳಗೂ ಅಕ್ಷರ ಇರುತ್ತದಲ್ಲ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಪುಟವೆಲ್ಲ ಕಪ್ಪಗೆ ಕಾಣತೊಡಗಿತು. ಅವರೇ ತಲೆಯಾಡಿಸಿ ಮೊದಲಿನಂತೆ ಮಾಡಿದರು.

ಮೊದಲ ಬಲಿ ಸಂಪಾದಕೀಯ. ಅದನ್ನು ಬರೆದವನು ನಾನು, ಎರಡು ಪುಟ ತುಂಬಿಸಿದ್ದೆ. ಧಾರವಾಡದಲ್ಲಿ 1896ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹೊರಡಿಸಿದ ವಾಗ್ಭೂಷಣದಿಂದ ಹಿಡಿದು 1922ರ ಜಯ ಕರ್ನಾಟಕದವರೆಗೆ ನಮ್ಮ ಭಾಗದ ಪತ್ರಿಕೆಗಳ ಪರಂಪರೆ, ಅದರ ಕೊನೆಯ ಕೊಂಡಿಯಾಗಿ ನಾವು! ಆ ಸಾಲನ್ನು ಗೆಳೆಯನೊಬ್ಬ ಗಟ್ಟಿಯಾಗಿ ಓದಿದಾಗ ಮುದ್ರಣಾಲಯದ ಹುಡುಗನೂ ನಕ್ಕ. ಐದು ವಾಕ್ಯ ಉಳಿಸಿಕೊಂಡು ಮುಖಪುಟದ ಒಳಬದಿಗೆ ಸಾಗಿಸಿದೆವು. ರಕ್ಷಾಪುಟ ಫಾರ್ಮಿನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೂ ಒಂದು ಪುಟ ಕಡಿಮೆಯಾಗಬೇಕಿತ್ತು. ಎಲ್ಲರ ಕಣ್ಣೂ ಒಂದು ಕವಿತೆಯ ಮೇಲೆ ಬಿದ್ದಿತ್ತು. ಸಾಲಿಗೆ ಒಂದೊಂದೇ ಪದ, ಮೆಟ್ಟಿಲಿನಂತೆ ಇಳಿಯುತ್ತ ಮೂರು ಪುಟ. ಕವಿಗೆ ಫೋನ್ ಮಾಡಿ ಎರಡು ಕಾಲಮಿಗೆ ಹಾಕಲೇ ಎಂದು ಕೇಳಿದೆವು. ಮೆಟ್ಟಿಲು ತೆಗೆದರೆ ಕವಿತೆಯನ್ನೂ ತೆಗೆಯಿರಿ ಎಂದು ಅವನು ಫೋನ್ ಇಟ್ಟ. ಸಿಟ್ಟಿನಲ್ಲಿ ತೆಗೆದೇ ಬಿಡೋಣ ಎಂದವರಲ್ಲಿ ನಾನೂ ಒಬ್ಬ. ಆದರೆ ಬಾವಿಗೆ ಇಳಿಯುವ ಅಜ್ಜಿಯ ಮೇಲಿನ ಕವಿತೆ ಅದು, ಮೆಟ್ಟಿಲಿಗೆ ಅಲ್ಲಿ ಕೆಲಸವಿತ್ತು.

ಉಳಿದದ್ದು ಒಂದು ಕಥೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರದು, ಬರೆದವಳು ಹಾವೇರಿ ಕಡೆಯ ಎರಡನೆಯ ವರ್ಷದ ಹುಡುಗಿ. ಸಂಚಿಕೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಬರಹ. ಉರಿಯುವ ಕೈಗಳನ್ನು ಮಗುವಿನಿಂದ ದೂರ ಹಿಡಿದು, ಮೊಣಕೈಯಿಂದಲೇ ಅದನ್ನು ಎಳೆದುಕೊಂಡು ಹಾಲೂಡಿಸುವ ತಾಯಿಯ ಚಿತ್ರ ಅದರಲ್ಲಿತ್ತು. ಅದಾದ ಮೇಲೆ ಕೊನೆಗೆ ಒಂದು ಪ್ಯಾರಾ, ದುಡಿಯುವ ವರ್ಗದ ಬವಣೆ ಎಂದಿಗೆ ತೀರುವುದೋ ಎಂಬ ಧಾಟಿಯದು. ಆ ಪ್ಯಾರಾ ಒಂದೇ ಹೊಸ ಪುಟಕ್ಕೆ ಹೊರಳಿ, ಅಲ್ಲಿ ಒಂಟಿಯಾಗಿ ಕುಳಿತಿತ್ತು.

ಅದನ್ನು ತೆಗೆಯಲೇ ಎಂದು ಅವಳನ್ನು ಕೇಳುವವರು ಯಾರು ಎಂಬುದರ ಮೇಲೆ ಸ್ವಲ್ಪ ಹೊತ್ತು ಜಗ್ಗಾಟವಾಯಿತು. ಅಲ್ಲಿಯವರೆಗೆ ನಾವು ಮಾಡಿದ್ದ ಸಂಪಾದನೆ ಎಂದರೆ ಬಂದ ಬರಹಗಳನ್ನು ಮುಂದಿಟ್ಟುಕೊಂಡು ಬೇಕು, ಬೇಡ ಎಂದು ಕೈ ಎತ್ತುವುದು. ಬರೆದವರ ಎದುರು ಕುಳಿತು ಈ ಸಾಲು ಯಾಕೆ ಎಂದು ಯಾರನ್ನೂ ಕೇಳಿರಲಿಲ್ಲ. ಸಹಪಾಠಿಗಳಲ್ಲವೇ, ಸಂಕೋಚ. ಕಾಗದದ ಲೆಕ್ಕ ಕುತ್ತಿಗೆಗೆ ಬಂದದ್ದರಿಂದ ಕೇಳಬೇಕಾಯಿತು.

ಅವಳು ಒಂದು ಕ್ಷಣ ಸುಮ್ಮನಿದ್ದು, ‘ತೆಗೆಯಿರಿ. ನನಗೂ ಅದು ಬೇಡವೆನ್ನಿಸಿತ್ತು. ಕಥೆಗೊಂದು ಸಂದೇಶ ಇರದಿದ್ದರೆ ನೀವು ಹಾಕಿಕೊಳ್ಳುವುದಿಲ್ಲ ಎಂದು ಸೇರಿಸಿದೆ’ ಎಂದಳು. ನಮ್ಮ ಆಹ್ವಾನ ಪತ್ರದಲ್ಲಿ ‘ಸಮಾಜಮುಖಿ ಬರಹಗಳಿಗೆ ಆದ್ಯತೆ’ ಎಂದು ಅಚ್ಚಾಗಿತ್ತು. ಮುಂದಿನ ಸಂಚಿಕೆಯ ಆಹ್ವಾನದಲ್ಲಿ ಆ ಸಾಲು ಇರಲಿಲ್ಲ.

ಸಂಜೆಗೆ 64 ಪುಟ ಸರಿಯಾಗಿ ಕುಳಿತವು. ಮುಂಗಡ ಕೊಟ್ಟು, ಮಿರ್ಚಿ ಭಜಿ ತಿಂದು ರೈಲು ಹತ್ತಿದೆವು. ಹುಲಕೋಟಿ ದಾಟಿ ಅಣ್ಣಿಗೇರಿ ಬರುವವರೆಗೂ, ಬೇರೆ ಯಾವ ಬರಹಗಳ ಕೊನೆಯ ಪ್ಯಾರಾ ತೆಗೆಯಬಹುದಿತ್ತು ಎಂಬುದೇ ಮಾತು. ಪಟ್ಟಿ ಉದ್ದವಾಯಿತು, ಆದರೆ ಪ್ಲೇಟಿಗೆ ಹೋಗಲು ಪುಟಗಳು ಆಗಲೇ ಸಿದ್ಧವಾಗಿದ್ದವು.

ಮೆಟ್ಟಿಲಿನ ಕವಿಯನ್ನು ಎರಡನೆಯ ಸಂಚಿಕೆಗೆ ಸಂಪಾದಕ ಮಂಡಳಿಯಲ್ಲಿ ಸೇರಿಸಿಕೊಂಡೆವು. ಮೊದಲ ಸಭೆಯಲ್ಲಿಯೇ ಅವನು ಎದ್ದು ನಿಂತು, ಕವಿತೆಗಳಿಗೆ 24 ಸಾಲಿನ ಮಿತಿ ಹಾಕಬೇಕೆಂದು ಸೂಚಿಸಿದ.