“ಅದೊಂದು ಆಪರೇಷನ್ ಮಾಡಿಸಿದ್ರ ನಡೀತಾನಿಲ್ರಿ?” ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಲಬುರಗಿ ಇರಲಿ, ಬೀದರ್ ಇರಲಿ, ಯಾದಗಿರಿ ಇರಲಿ, ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವ ಸ್ಥಿತಿ) ಇರುವ ಮಗುವಿನ ಮನೆಯವರು ಕೇಳುವುದು ಇದನ್ನೇ: “ಹಿಮ್ಮಡಿ ನರ ಜಗ್ಗ್ಯಾದ್ರಿ, ತುದಿಗಾಲಿನ ಮ್ಯಾಲೆ ನಡೀತಾನ. ಅದೊಂದು ಕಡದ್ರ ನೆಟ್ಟಗ ನಡೀತಾನಿಲ್ರಿ?” ಮಗುವಿನ ಕಾಲು ಮುಟ್ಟಿ ನೋಡದೆ ಇದಕ್ಕೆ ಹೌದು ಎಂದವರನ್ನು ನಂಬಬೇಡಿ. ‘ಅದೊಂದು’ ಅನ್ನುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಒಂದನ್ನೇ ಕಡಿದು ಕಳಿಸಿದ್ದರಿಂದ ಕೆಟ್ಟ ಕಾಲುಗಳು ಕಡಿಮೆಯಿಲ್ಲ.

ಮೆದುಳಿಗೆ ಆದ ಪೆಟ್ಟು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆಯುತ್ತದೆ, ಮೂಳೆ ಉದ್ದವಾದ ವೇಗಕ್ಕೆ ಸ್ನಾಯು ಉದ್ದವಾಗುವುದಿಲ್ಲ. ಸ್ನಾಯುವಿನ ಎಳೆಯೊಳಗೆ ಸಾರ್ಕೋಮಿಯರ್ ಎಂಬ ಪುಟ್ಟ ಘಟಕಗಳು ಸಾಲಾಗಿ ಇರುತ್ತವೆ. ಸಾಮಾನ್ಯವಾಗಿ ಬೆಳವಣಿಗೆಗೆ ತಕ್ಕಂತೆ ಆ ಸಾಲಿಗೆ ಹೊಸವು ಸೇರುತ್ತವೆ. ಈ ಮಕ್ಕಳಲ್ಲಿ ಅಷ್ಟು ಸೇರುವುದಿಲ್ಲ, ಇದ್ದವೇ ಅತಿಯಾಗಿ ಹಿಗ್ಗಿ ನಿಲ್ಲುತ್ತವೆ. ಅಷ್ಟು ಹಿಗ್ಗಿದ ಘಟಕಕ್ಕೆ ಎಳೆಯುವ ಬಲ ಕಡಿಮೆ. ಸುತ್ತಲೂ ಕೊಲಾಜನ್ ಎಂಬ ನಾರು ತುಂಬಿ ಸ್ನಾಯು ಗಡುಸಾಗುತ್ತದೆ. ಮನೆಯವರು ‘ಬಿಗಿ ಅದ, ಅಂದ್ರ ಭಾಳ ಗಟ್ಟಿ ಅದ’ ಅಂದುಕೊಳ್ಳುತ್ತಾರೆ. ಇಲ್ಲ. ಬಿಗಿಯಾದ ಆ ಸ್ನಾಯು ದುರ್ಬಲ ಸ್ನಾಯು. ಅದನ್ನು ಕಡಿದು ಉದ್ದ ಮಾಡಿದಾಗ ಇದ್ದ ಬಲವೂ ಸ್ವಲ್ಪ ಹೋಗುತ್ತದೆ. ಎಣ್ಣೆ ಹಚ್ಚಿ ತಿಕ್ಕಿದರೆ ಮಗುವಿಗೆ ಹಿತವೆನಿಸಬಹುದು, ಸ್ನಾಯು ಉದ್ದವಾಗುವುದಿಲ್ಲ.

ಯಾವುದನ್ನು ಉದ್ದ ಮಾಡಬೇಕು ಎನ್ನುವುದು ಕೈಯಿಂದಲೇ ತಿಳಿಯುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು 90 ಡಿಗ್ರಿ ಮಡಚಿ, ಹಿಮ್ಮಡಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಹಿಡಿದು, ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತಬೇಕು. ಹಿಮ್ಮಡಿ ಸಡಿಲ ಬಿಟ್ಟರೆ ಪಾದ ನಡುವೆ ಬಾಗಿ, ಮೇಲೆ ಬಂದಂತೆ ಸುಳ್ಳು ತೋರಿಸುತ್ತದೆ. ಹಿಡಿತ ಬಿಡದೆ ಮೊಣಕಾಲು ನೆಟ್ಟಗೆ ಮಾಡಿ. ಮಡಚಿದಾಗ ಮೇಲೆ ಬಂದಿದ್ದ ಪಾದ ಈಗ ಕೆಳಗೆ ಜಗ್ಗಿದರೆ ತೊಂದರೆ ಮೀನಖಂಡದ ಮೇಲಿನ ಸ್ನಾಯು ಗ್ಯಾಸ್ಟ್ರೊಕ್ನೀಮಿಯಸ್‌ನದು ಮಾತ್ರ. ಎರಡರಲ್ಲೂ ಬರದಿದ್ದರೆ ಕೆಳಗಿನ ಸೋಲಿಯಸ್ ಕೂಡ ಗಿಡ್ಡಾಗಿದೆ. ಇನ್ನು ಬೇಗ ಒತ್ತಿದಾಗ ಎಲ್ಲಿ ತಡೆ ಸಿಗುತ್ತದೆ, ನಿಧಾನ ಒತ್ತಿದಾಗ ಎಲ್ಲಿಯವರೆಗೆ ಹೋಗುತ್ತದೆ ನೋಡಬೇಕು. ಇವೆರಡರ ಅಂತರ ದೊಡ್ಡದಿದ್ದರೆ ಸ್ನಾಯುವಿನ ಬಿಗಿತ ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್‌ಗೆ ಅರ್ಥವಿದೆ, ಪರಿಣಾಮ ಸುಮಾರು 3 ತಿಂಗಳು. ಅಂತರವೇ ಇಲ್ಲದಿದ್ದರೆ ಸ್ನಾಯು ನಿಜವಾಗಿ ಗಿಡ್ಡಾಗಿದೆ, ಇಂಜೆಕ್ಷನ್ನಿನ ದುಡ್ಡು ನೀರಿಗೆ ಹಾಕಿದಂತೆ.

ಎರಡೂ ಕಾಲಿಗೆ ತೊಂದರೆ ಇದ್ದು ಗ್ಯಾಸ್ಟ್ರೊಕ್ನೀಮಿಯಸ್ ಮಾತ್ರ ಗಿಡ್ಡಾಗಿರುವ ಮಗುವಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನೇ (ಮನೆಯವರು ‘ನರ’ ಎನ್ನುವುದು ಇದನ್ನೇ) ಉದ್ದ ಮಾಡಿದರೆ ಸೋಲಿಯಸ್ಸೂ ಸಡಿಲವಾಗುತ್ತದೆ. ನಿಂತಾಗ ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಬೀಳದಂತೆ ಹಿಡಿಯುವುದು ಅದೇ. ಆಮೇಲೆ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಮನೆಯವರಿಗೆ ಸಂತೋಷವೂ ಆಗುತ್ತದೆ. ಒಂದೆರಡು ವರ್ಷದಲ್ಲಿ ಮೊಣಕಾಲು ಬಾಗಿ, ಸೊಂಟ ಬಾಗಿ, ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ಇದನ್ನು ಸರಿಪಡಿಸುವುದು ತುದಿಗಾಲ ನಡಿಗೆ ಸರಿಪಡಿಸುವುದಕ್ಕಿಂತ ಬಹಳ ಕಷ್ಟ. ಅಂಥ ಮಗುವಿಗೆ ಸೋಲಿಯಸ್ ಮುಟ್ಟದೆ ಗ್ಯಾಸ್ಟ್ರೊಕ್ನೀಮಿಯಸ್‌ನ ಪೊರೆಯನ್ನಷ್ಟೇ ಬಿಡಿಸುವ ಶಸ್ತ್ರಚಿಕಿತ್ಸೆ ಬೇರೆಯೇ ಇದೆ. ಯಾವುದು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಿ, ನಾಚಬೇಡಿ.

ವರ್ಷಕ್ಕೊಂದು ಆಪರೇಷನ್ ಕೂಡ ಬೇಡ. ಹುಟ್ಟುಹಬ್ಬವೆಲ್ಲ ಆಸ್ಪತ್ರೆಯಲ್ಲೇ ಕಳೆಯುವ ಈ ಪದ್ಧತಿಗೆ ಮೂಳೆ ವೈದ್ಯ ಮರ್ಸರ್ ರ‍್ಯಾಂಗ್ ‘ಬರ್ತ್‌ಡೇ ಸಿಂಡ್ರೋಮ್’ ಎಂದೇ ಹೆಸರಿಟ್ಟಿದ್ದರು. ಸೊಂಟ, ಮೊಣಕಾಲು, ಪಾದ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಒಂದೇ ಸಲ ಮಾಡುವುದು ಒಳ್ಳೆಯದು, ನಡೆಯುವ ಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 12 ವರ್ಷದ ನಡುವೆ. ತೀರ ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಮೂಳೆ ಬೆಳೆದಂತೆ ಮತ್ತೆ ಬಿಗಿಯಾಗುವ ಸಾಧ್ಯತೆ ಹೆಚ್ಚು.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಆಪರೇಷನ್ ಮಾಡಿಸಿ ಬಂದವರು ಸೋಲುವುದು ಅದರ ನಂತರದ ವರ್ಷದಲ್ಲಿ. ಮೊದಲ ತಿಂಗಳುಗಳಲ್ಲಿ ಮಗು ಮೊದಲಿಗಿಂತ ಕೆಟ್ಟದಾಗಿ ನಡೆಯುತ್ತದೆ. ಹಳೆಯ ಮಟ್ಟಕ್ಕೆ ಬರಲು ಸುಮಾರು ಒಂದು ವರ್ಷ ಬೇಕು, ಒಳ್ಳೆಯದು ಕಾಣುವುದು ಆಮೇಲೆ. ಬಲ ಬರಿಸುವ ವ್ಯಾಯಾಮ ಬಿಡುವಂತಿಲ್ಲ, ಎಎಫ್‌ಓ (ಪಾದವನ್ನು ನೆಟ್ಟಗೆ ಹಿಡಿಯುವ ಆಧಾರ) ಪಟ್ಟಿಯನ್ನು ಮಂಚದ ಕೆಳಗೆ ತಳ್ಳುವಂತಿಲ್ಲ. ಪಾದ ಬೆಳೆದು ಪಟ್ಟಿ ಕಚ್ಚತೊಡಗಿದರೆ ಹೊಸದು ಮಾಡಿಸಬೇಕು. ಶಾಲೆಗೆ ರಜೆ ಅಂತ ಏಪ್ರಿಲ್‌ನಲ್ಲಿ ಆಪರೇಷನ್ನಿನ ದಿನ ಗೊತ್ತುಮಾಡಬೇಡಿ. ನಮ್ಮ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ವಾರಗಟ್ಟಲೆ ಪ್ಲಾಸ್ಟರ್ ಅಂದರೆ ಬೆವರು, ತುರಿಕೆ, ಒಳಗೆ ಕಡ್ಡಿ ತೂರಿಸಿ ಗಾಯ. ದೀಪಾವಳಿ ಆದ ಮೇಲಿನ ತಂಪು ಮೇಲು. ಬೆರಳು ತಣ್ಣಗಾದರೆ, ನೀಲಿಯಾದರೆ, ಔಷಧಿಗೂ ನೋವು ನಿಲ್ಲದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಮಾತು ಬಾರದ ಮಗು ರಾತ್ರಿಯೆಲ್ಲ ಅತ್ತರೆ ಅದು ಹಟ ಅಲ್ಲ, ಹಿಮ್ಮಡಿಯಲ್ಲಿ ಪ್ಲಾಸ್ಟರ್ ಒತ್ತುತ್ತಿರಬಹುದು.

ಇಷ್ಟು ಜನರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: “ಸೊಂಟದ ಎಕ್ಸ್‌ರೇ ಯಾವಾಗ ತೆಗೆಸಬೇಕ್ರಿ?” ಎಲ್ಲರ ಕಣ್ಣೂ ಹಿಮ್ಮಡಿಯ ಮೇಲೆ. ಅತ್ತ ತೊಡೆಯ ಒಳಸ್ನಾಯುಗಳ ಜಗ್ಗಾಟಕ್ಕೆ ತೊಡೆಮೂಳೆಯ ತಲೆ ಕುಳಿಯಿಂದ ಮೆಲ್ಲಗೆ ಹೊರಗೆ ಸರಿಯುತ್ತದೆ, ಶುರುವಿನಲ್ಲಿ ನೋವೇ ಇರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂವರಲ್ಲೊಬ್ಬರಿಗೆ, ಕೂರಲೂ ಆಗದ ಮಕ್ಕಳಲ್ಲಿ ಸುಮಾರು 90 ಪ್ರತಿಶತಕ್ಕೆ ಇದು ಆಗುತ್ತದೆ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಮಕ್ಕಳ ಸೊಂಟವನ್ನು ತಪ್ಪದೆ ಎಕ್ಸ್‌ರೇಯಲ್ಲಿ ಗಮನಿಸಿ ಸಕಾಲಕ್ಕೆ ಚಿಕಿತ್ಸೆ ಕೊಟ್ಟಿದ್ದರಿಂದ ಕೀಲು ಪೂರ್ತಿ ತಪ್ಪುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ನಡೆಯದ ಮಗುವಿಗೆ 2 ವರ್ಷ ತುಂಬುವುದರೊಳಗೆ ಮೊದಲ ಎಕ್ಸ್‌ರೇ, ಆಮೇಲೆ 6ರಿಂದ 12 ತಿಂಗಳಿಗೊಮ್ಮೆ. ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತದೆ. ತೆಗೆಯುವಾಗ ಎರಡೂ ಮೊಣಕಾಲ ಚಿಪ್ಪು ಮೇಲ್ಮುಖವಾಗಿರಲಿ, ಸೊಂಟ ಓರೆಯಾಗದಿರಲಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ತೊಡೆಮೂಳೆಯ ತಲೆಯ 30 ಪ್ರತಿಶತಕ್ಕಿಂತ ಹೆಚ್ಚು ಭಾಗ ಕುಳಿಯ ಹೊರಗಿದ್ದರೆ ಮಕ್ಕಳ ಮೂಳೆ ವೈದ್ಯರಿಗೆ ತೋರಿಸಲೇಬೇಕು. ಹಳೆಯ ಫಿಲ್ಮುಗಳನ್ನು ಎಸೆಯದೆ ಎಲ್ಲವನ್ನೂ ತನ್ನಿ. ಸರಿಯುತ್ತಿದೆಯೋ ನಿಂತಿದೆಯೋ ಎನ್ನುವುದು ಒಂದೇ ಫಿಲ್ಮಿನಲ್ಲಿ ಕಾಣುವುದಿಲ್ಲ.